ಮೈಗೆ ಸಾಕಾದ ಸತು ಬೀಜಕ್ಕೆ ಸಾಲಲಿಲ್ಲ: ಎಳೆ ಟಗರುಗಳ ಒಂದು ಪ್ರಕರಣ ಅಧ್ಯಯನ

ಒಂದು ಕಿಲೋ ಒಣ ಮೇವಿನಲ್ಲಿ 17.4 ಮಿಲಿಗ್ರಾಂ ಸತು (ಜಿಂಕ್). ಈ ಮೇವು ತಿಂದ ಎಳೆ ಟಗರುಗಳು ಚೆನ್ನಾಗಿಯೇ ಬೆಳೆದವು. ಹೊಟ್ಟೆ ತುಂಬ ತಿಂದವು, ತೂಕ ಏರಿಸಿಕೊಂಡವು. ಹೊರಗಿನಿಂದ ನೋಡಿದವರು ಅವುಗಳಲ್ಲಿ ಕೊರತೆಯಿದೆ ಎಂದು ಹೇಳಲು ಸಾಧ್ಯವಿರಲಿಲ್ಲ. ಆದರೆ ಅವುಗಳ ವೃಷಣಗಳು ಬೆಳೆಯಬೇಕಾದಷ್ಟು ಬೆಳೆಯಲಿಲ್ಲ, ವೀರ್ಯಾಣುಗಳ ಉತ್ಪಾದನೆ ಹಿಂದೆ ಬಿತ್ತು. ಕಿಲೋ ಒಂದಕ್ಕೆ 32.4 ಮಿಲಿಗ್ರಾಂ ಸತು ಇದ್ದ ಮೇವು ತಿಂದ ಗುಂಪಿನಲ್ಲಿ ವೃಷಣದ ಬೆಳವಣಿಗೆಯೂ ವೀರ್ಯಾಣುಗಳ ಸಂಖ್ಯೆಯೂ ಸ್ಪಷ್ಟವಾಗಿ ಮೇಲಿದ್ದವು. ಎರಡು ಗುಂಪುಗಳ ನಡುವೆ ಇದ್ದ ವ್ಯತ್ಯಾಸ ಕಿಲೋ ಮೇವಿಗೆ 15 ಮಿಲಿಗ್ರಾಂ ಮಾತ್ರ.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ವಿಜ್ಞಾನಿಗಳಾದ ಎರಿಕ್ ಅಂಡರ್‌ವುಡ್ ಮತ್ತು ಸೋಮರ್ಸ್ ನಡೆಸಿದ ಈ ಪ್ರಯೋಗದ ಫಲಿತಾಂಶ 1969ರಲ್ಲಿ ಪ್ರಕಟವಾಯಿತು. ಅರ್ಧ ಶತಮಾನಕ್ಕೂ ಹಿಂದಿನ ಈ ಪ್ರಕರಣವನ್ನು ನಮ್ಮ ಕುರಿ ಸಾಕಣೆದಾರರು ಮತ್ತು ಪಶುವೈದ್ಯರು ಮತ್ತೊಮ್ಮೆ ಕೂಲಂಕಷವಾಗಿ ನೋಡಬೇಕು ಎಂಬುದು ನನ್ನ ಬಲವಾದ ನಂಬಿಕೆ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿವೆ. ತೆಲಂಗಾಣ ಮತ್ತು ಆಂಧ್ರಪ್ರದೇಶದ ನಂತರ ದೇಶದಲ್ಲಿ ನಮ್ಮದೇ ಸ್ಥಾನ. ಇಷ್ಟು ದೊಡ್ಡ ಸಂಪತ್ತಿನ ಅರ್ಧ ಭಾಗ್ಯ ಬೀಜದ ಟಗರಿನ ಮೇಲೆ ನಿಂತಿದೆ. ಆ ಟಗರಿಗೆ ಏನು ತಿನ್ನಿಸುತ್ತೇವೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ತೀರ ವಿರಳವಾಗಿ ಕೇಳುತ್ತೇವೆ.

ಬೀಜದ ಟಗರನ್ನು ಆರಿಸುವಾಗ ಕುರಿಗಾಹಿಗಳು ನೋಡುವುದು ಎದೆಯ ಅಗಲ, ಬೆನ್ನಿನ ನೇರ, ಕಾಲಿನ ಗಟ್ಟಿತನ, ತಳಿಯ ಲಕ್ಷಣ. ಇವೆಲ್ಲ ಬೇಕಾದವೇ. ಮಂದೆಯಲ್ಲಿ ಕುರಿಗಳು ಮತ್ತೆ ಮತ್ತೆ ಬೆದೆಗೆ ಬಂದರೆ ಮಾತ್ರ ಅನುಮಾನ ಮೊದಲು ಹೋಗುವುದು ಹೆಣ್ಣು ಕುರಿಗಳ ಕಡೆಗೆ. ಟಗರು ದಷ್ಟಪುಷ್ಟವಾಗಿದೆ, ಹಾರುತ್ತಿದೆ, ಹಾಗಾದರೆ ಕುರಿಯೇ ಗೊಡ್ಡು ಎಂಬ ತೀರ್ಮಾನ. ಅಂಥ ಕುರಿ ಮುಂದಿನ ಸಂತೆಯಲ್ಲಿ ಕಟುಕನ ಪಾಲಾಗುತ್ತದೆ. ಟಗರಿನ ಬಾನಿಯಲ್ಲಿದ್ದ ಕೊರತೆಗೆ ಒಳ್ಳೆಯ ತಾಯಿ ಕುರಿಗಳು ಬೆಲೆ ತೆರುತ್ತಿವೆಯಲ್ಲ ಎಂಬ ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಪ್ರಕರಣದ ಹಿನ್ನೆಲೆ

ಪಶ್ಚಿಮ ಆಸ್ಟ್ರೇಲಿಯಾದ ನೆಲ ಬಹಳ ಹಳೆಯದು, ಮಳೆಯಲ್ಲಿ ತೊಳೆದು ತೊಳೆದು ಸಾರ ಕಳೆದುಕೊಂಡದ್ದು. ಅಲ್ಲಿನ ಮರಳು ಭೂಮಿಯಲ್ಲಿ ಹುಲ್ಲುಗಾವಲು ಮಾಡಿ ಜಾನುವಾರು ಬಿಟ್ಟಾಗ ಹೆಸರೇ ಇಲ್ಲದ ಕಾಯಿಲೆಗಳು ಒಂದೊಂದಾಗಿ ಕಾಣಿಸಿಕೊಂಡವು. ದಕ್ಷಿಣ ಕರಾವಳಿಯ ಡೆನ್ಮಾರ್ಕ್ ಎಂಬ ಊರಿನ ಸುತ್ತ ದನ ಕುರಿಗಳು ಮೊಣಕಾಲುದ್ದ ಹುಲ್ಲಿನ ನಡುವೆಯೇ ಸೊರಗಿ ಸಾಯುತ್ತಿದ್ದವು. ಕಬ್ಬಿಣದ ಅದಿರಿನ ಪುಡಿಯನ್ನು ಹೆಚ್ಚು ಪ್ರಮಾಣದಲ್ಲಿ ತಿನ್ನಿಸಿದರೆ ಚೇತರಿಸಿಕೊಳ್ಳುತ್ತಿದ್ದುದರಿಂದ ಅದು ಕಬ್ಬಿಣದ ಕೊರತೆ ಎಂದೇ ತಿಳಿಯಲಾಗಿತ್ತು. ಪಶುವೈದ್ಯ ಫಿಲ್ಮರ್ ಮತ್ತು ಯುವ ವಿಜ್ಞಾನಿ ಅಂಡರ್‌ವುಡ್ ಆ ಅದಿರಿನಿಂದ ಕಬ್ಬಿಣವನ್ನು ಬೇರ್ಪಡಿಸಿ, ಉಳಿದ ಸಾರವನ್ನು ಕೊಟ್ಟು ನೋಡಿದರು. ಪ್ರಾಣಿಗಳು ಅದರಿಂದಲೂ ಗುಣವಾದವು. 1930ರ ದಶಕದ ನಡುವೆ ಅವರು ಕಂಡುಕೊಂಡ ಉತ್ತರ ಕೋಬಾಲ್ಟ್. ಅದಿರಿನೊಳಗೆ ಕಲಬೆರಕೆಯಂತೆ ಇದ್ದ ಅದರ ಕಣಗಳೇ ಔಷಧವಾಗಿ ಕೆಲಸ ಮಾಡಿದ್ದವು. ಅದೇ ರಾಜ್ಯದ ಗಿಂಗಿನ್ ಸುತ್ತ ಕುರಿಮರಿಗಳು ಹಿಂಗಾಲು ಸೋತು ತೂರಾಡುತ್ತಿದ್ದುದಕ್ಕೆ ತಾಯಿ ಕುರಿಯ ತಾಮ್ರದ ಕೊರತೆ ಕಾರಣ ಎಂದು 1937ರಲ್ಲಿ ಬೆನೆಟ್ಸ್ ತೋರಿಸಿದರು.

ಹೀಗೆ ಅಂಡರ್‌ವುಡ್ ಸತುವಿನತ್ತ ತಿರುಗುವ ಹೊತ್ತಿಗೆ, ಕಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದ ಖನಿಜ ಮಂದೆಯ ಭವಿಷ್ಯವನ್ನೇ ತೀರ್ಮಾನಿಸಬಲ್ಲದು ಎಂಬ ಅನುಭವ ಆ ನೆಲದಲ್ಲಿ ಗಟ್ಟಿಯಾಗಿತ್ತು. ಇನ್ನೊಂದು ಕಡೆ ಮನುಷ್ಯರಲ್ಲೂ ಸತುವಿನ ಸುದ್ದಿ ಬಂದಿತ್ತು. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ 1960ರ ದಶಕದ ಆರಂಭದಲ್ಲಿ ಇರಾನ್ ಮತ್ತು ಈಜಿಪ್ಟಿನ ಹಳ್ಳಿಗಳಲ್ಲಿ ಕುಳ್ಳಾಗಿ ಉಳಿದ, ಪ್ರಾಯಕ್ಕೆ ಬಾರದ ಹುಡುಗರನ್ನು ಪರೀಕ್ಷಿಸಿ, ಅದರ ಹಿಂದೆ ಸತುವಿನ ಕೊರತೆಯಿದೆ ಎಂದು ತೋರಿಸಿದ್ದರು. ಬೆಳವಣಿಗೆ ಮತ್ತು ಗಂಡಸುತನ ಎರಡೂ ಒಂದೇ ಖನಿಜಕ್ಕೆ ಕಟ್ಟುಬಿದ್ದಿವೆ ಎಂಬುದು ಅಲ್ಲಿಯೇ ಗೊತ್ತಾಗಿತ್ತು. ಎರಡಕ್ಕೂ ಸಮನಾದ ಪ್ರಮಾಣ ಸಾಕೇ ಎಂಬುದು ಉಳಿದ ಪ್ರಶ್ನೆ. ಟಗರುಗಳ ಪ್ರಯೋಗ ಅದಕ್ಕೆ ಉತ್ತರ ಕೊಟ್ಟಿತು.

ಪ್ರಯೋಗದಲ್ಲಿ ಕಂಡದ್ದು

ಸತುವಿನ ಪ್ರಯೋಗ ಮಾಡುವುದು ಹೇಳಿದಷ್ಟು ಸುಲಭವಲ್ಲ. ಸತು ಎಲ್ಲೆಲ್ಲಿಂದಲೋ ನುಸುಳುತ್ತದೆ. ಗ್ಯಾಲ್ವನೈಸ್ಡ್ ತಗಡಿನ ಬಾನಿ, ಬಕೆಟ್, ಪಂಜರದ ಸರಳುಗಳ ಮೇಲಿರುವ ಬಿಳಿ ಲೇಪ ಸತುವೇ. ಕೊರತೆಯಲ್ಲಿರುವ ಪ್ರಾಣಿ ಅಂಥ ಸರಳನ್ನು ನೆಕ್ಕಿದರೂ ಸಾಕು, ಲೆಕ್ಕ ತಪ್ಪುತ್ತದೆ. ಕುಡಿಯುವ ನೀರು ಹಾದು ಬರುವ ಕೊಳವೆಯೂ ಅಷ್ಟೇ. ಆದ್ದರಿಂದ ಸಂಶೋಧಕರು ಇಂಥ ಕೆಲಸಕ್ಕೆ ಸಾಮಾನ್ಯ ಮೇವನ್ನು ಬಿಟ್ಟು, ಶುದ್ಧೀಕರಿಸಿದ ಪದಾರ್ಥಗಳಿಂದ ಆಹಾರವನ್ನು ಕೈಯಾರೆ ಜೋಡಿಸುತ್ತಾರೆ.

ಅಂಡರ್‌ವುಡ್ ಮತ್ತು ಸೋಮರ್ಸ್ ಅವರ ಅತಿ ಕೊರತೆಯ ಆಹಾರದಲ್ಲಿ ಇದ್ದದ್ದು ಕಿಲೋಗೆ ಸುಮಾರು 2.4 ಮಿಲಿಗ್ರಾಂ ಸತು. ಇದನ್ನು ತಿಂದ ಟಗರುಮರಿಗಳು ಮೇವನ್ನೇ ಕಡಿಮೆ ಮಾಡಿದವು, ಬೆಳವಣಿಗೆ ಕುಗ್ಗಿತು. 20ರಿಂದ 24 ವಾರಗಳೊಳಗೆ ವೀರ್ಯಾಣು ಉತ್ಪಾದನೆ ಹೆಚ್ಚುಕಡಿಮೆ ನಿಂತೇ ಹೋಯಿತು. ಸತುವಿನ ತೀವ್ರ ಕೊರತೆಯ ಇತರ ಲಕ್ಷಣಗಳನ್ನು ಪಶುವೈದ್ಯರು ಬಲ್ಲರು: ಬಾಯಿಂದ ಜೊಲ್ಲು ಸುರಿಯುವುದು, ಕಣ್ಣಿನ ಸುತ್ತ ಮತ್ತು ಗೊರಸಿನ ಮೇಲಂಚಿನಲ್ಲಿ ಚರ್ಮ ದಪ್ಪಗಟ್ಟಿ ಬಿರಿಯುವುದು, ಉಣ್ಣೆ ಉದುರುವುದು, ಗಾಯ ಬೇಗ ಮಾಯದಿರುವುದು, ಕುರಿಗಳು ಒಂದರ ಉಣ್ಣೆಯನ್ನು ಇನ್ನೊಂದು ಕಿತ್ತು ತಿನ್ನುವುದು. ಇಷ್ಟು ಕಂಡರೆ ಯಾರಾದರೂ ವೈದ್ಯರನ್ನು ಕರೆದಾರು.

ಸತುವನ್ನು ಮತ್ತೆ ಕೊಟ್ಟಾಗ ಆ ಟಗರುಗಳ ವೃಷಣ ಮೊದಲಿನ ಗಾತ್ರಕ್ಕೂ ರಚನೆಗೂ ಮರಳಿತು, ವೀರ್ಯಾಣು ಉತ್ಪಾದನೆಯೂ ಪೂರ್ತಿಯಾಗಿ ಚೇತರಿಸಿತು. ಕೊರತೆಯೇ ಕಾರಣವಾಗಿದ್ದರೆ ಹಾನಿ ಶಾಶ್ವತವಲ್ಲ ಎಂಬುದು ಕುರಿ ಸಾಕಣೆದಾರನಿಗೆ ದೊಡ್ಡ ಸಮಾಧಾನ.

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇರುವುದು ನಡುವಿನ ಗುಂಪಿನಲ್ಲಿ. 2.4ರ ಟಗರು ಕಾಯಿಲೆಯನ್ನು ತಾನೇ ಸಾರಿ ಹೇಳುತ್ತದೆ. 17.4ರ ಟಗರು ಏನನ್ನೂ ಹೇಳುವುದಿಲ್ಲ. ಅದರ ಚರ್ಮ ನೆಟ್ಟಗಿದೆ, ಹಸಿವು ನೆಟ್ಟಗಿದೆ, ತಕ್ಕಡಿಯಲ್ಲಿ ತೂಕವೂ ಸರಿಯಾಗಿದೆ. ಹಳ್ಳಿಯ ಮಂದೆಗಳಲ್ಲಿ ಸಿಗುವುದು ಮೊದಲನೆಯ ಬಗೆಯ ಟಗರಿಗಿಂತ ಈ ಎರಡನೆಯ ಬಗೆಯದೇ ಹೆಚ್ಚು ಎಂದು ಭಾವಿಸಲು ಕಾರಣಗಳಿವೆ. ಮೇಯ್ದು ಬದುಕುವ ಕುರಿಗೆ ಕಿಲೋಗೆ ಎರಡೂವರೆ ಮಿಲಿಗ್ರಾಂನಷ್ಟು ಬಡ ಮೇವು ಸಿಗುವುದು ಅಪರೂಪ. ಹದಿನೈದು ಇಪ್ಪತ್ತರ ಆಸುಪಾಸಿನ ಒಣ ಹುಲ್ಲು ಮಾತ್ರ ಬೇಸಿಗೆಯಲ್ಲಿ ಸಾಮಾನ್ಯ.

ಹಸಿವೋ ಸತುವೋ

ಈ ಫಲಿತಾಂಶವನ್ನು ಕೇಳಿದವರು ಎತ್ತಬೇಕಾದ ಆಕ್ಷೇಪ ಒಂದಿದೆ. ಸತು ಕಡಿಮೆಯಾದ ಟಗರು ತಿನ್ನುವುದನ್ನೇ ಬಿಡುತ್ತದೆ. ಕಡಿಮೆ ತಿಂದ ಟಗರಿನ ವೃಷಣ ಹೇಗಿದ್ದರೂ ಚಿಕ್ಕದಾಗುತ್ತದೆ. ಹಾಗಾದರೆ ತಪ್ಪು ಸತುವಿನದೋ ಅರೆಹೊಟ್ಟೆಯದೋ? ಇದನ್ನು ಬಿಡಿಸಲು ಪೋಷಣಾ ವಿಜ್ಞಾನಿಗಳು ಜೋಡಿ ಪ್ರಾಣಿಗಳ ವಿಧಾನ ಬಳಸುತ್ತಾರೆ. ಕೊರತೆಯ ಟಗರು ನಿನ್ನೆ ಎಷ್ಟು ತಿಂದಿತೋ ತೂಗಿ, ಅಷ್ಟೇ ತೂಕದ ಸತುಭರಿತ ಮೇವನ್ನು ಅದರ ಜೋಡಿ ಟಗರಿಗೆ ಇಂದು ಹಾಕುತ್ತಾರೆ. ಎರಡೂ ಒಂದೇ ಪ್ರಮಾಣದಲ್ಲಿ ಹಸಿದಿರುತ್ತವೆ. ಆಗಲೂ ಉಳಿಯುವ ವ್ಯತ್ಯಾಸ ಸತುವಿನ ಖಾತೆಗೆ ಸೇರಬೇಕು.

1994ರಲ್ಲಿ ಅದೇ ಪಶ್ಚಿಮ ಆಸ್ಟ್ರೇಲಿಯಾದ ಮಾರ್ಟಿನ್, ವೈಟ್ ಮತ್ತು ಸಂಗಡಿಗರು ಎಳೆ ಟಗರುಗಳ ಮೇಲೆ ಹೀಗೆ ಜೋಡಿ ಕಟ್ಟಿ ನೋಡಿದರು. ಉತ್ತರ ಎರಡೂ ಕಡೆಗೆ ಹಂಚಿಹೋಯಿತು. ಅರೆಹೊಟ್ಟೆಯಿಂದ ಮೆದುಳು ವೃಷಣಕ್ಕೆ ಕಳಿಸುವ ಹಾರ್ಮೋನು ಸಂಕೇತ ಕುಗ್ಗುತ್ತದೆ. ಅದರ ಮೇಲೆ ಸತುವಿನ ಕೊರತೆಗೇ ಸೇರಿದ ಪ್ರತ್ಯೇಕ ಹಾನಿ ವೃಷಣದೊಳಗೆ ಆಗುತ್ತದೆ. ಹೊಲದ ಭಾಷೆಯಲ್ಲಿ ಹೇಳುವುದಾದರೆ, ಹಸಿದ ಟಗರಿಗೆ ಬರೀ ಖನಿಜದ ಪುಡಿ ಕೊಟ್ಟು ಫಲ ನಿರೀಕ್ಷಿಸುವುದೂ ತಪ್ಪು, ಹೊಟ್ಟೆ ತುಂಬಿದೆಯಲ್ಲ ಎಂದು ಖನಿಜವನ್ನು ಮರೆಯುವುದೂ ತಪ್ಪು.

ವೃಷಣಕ್ಕೇ ಏಕೆ ಮೊದಲ ಪೆಟ್ಟು? ವೀರ್ಯಾಣು ತಯಾರಾಗುವ ಕೊಳವೆಗಳಲ್ಲಿ ಕೋಶಗಳು ಹಗಲಿರುಳೂ ವಿಭಜಿಸುತ್ತಿರುತ್ತವೆ. ಕೋಶ ವಿಭಜನೆಗೆ, ವಂಶವಾಹಿ ಎಳೆಯ ನಕಲು ತೆಗೆಯಲು ಬೇಕಾದ ಕಿಣ್ವಗಳು ಸತುವನ್ನು ಅವಲಂಬಿಸಿವೆ. ವೀರ್ಯಾಣುವಿನ ತಲೆಯೊಳಗೆ ವಂಶವಾಹಿ ಎಳೆಯನ್ನು ಬಿಗಿಯಾಗಿ ಸುತ್ತಿಡಲು ಸತು ಬೇಕು, ಬಾಲದ ನಾರುಗಳಲ್ಲೂ ಅದು ಇರುತ್ತದೆ, ಟೆಸ್ಟೊಸ್ಟೆರಾನ್ ತಯಾರಿಯಲ್ಲೂ ಅದಕ್ಕೆ ಪಾತ್ರವಿದೆ. ಇನ್ನು, ಕೊರತೆಯ ದಿನಗಳಿಗೆಂದು ತಾಮ್ರವನ್ನು ಯಕೃತ್ತಿನಲ್ಲಿ ಕೂಡಿಡುವಂತೆ ಸತುವನ್ನು ಕೂಡಿಡುವ ವ್ಯವಸ್ಥೆ ಕುರಿಯ ದೇಹದಲ್ಲಿ ಇಲ್ಲ. ಮೂಳೆ ಮತ್ತು ಮಾಂಸದಲ್ಲಿರುವ ಸತು ಬೇಕೆಂದಾಗ ಸುಲಭವಾಗಿ ಹೊರಬರುವುದಿಲ್ಲ. ಹೀಗಾಗಿ ದಿನದ ಮೇವಿನಲ್ಲಿ ದಿನದ ಸತು ಬರಬೇಕು.

1969ರ ಪ್ರಯೋಗದ ಫಲ ಪುಸ್ತಕದೊಳಗೆ ಉಳಿಯಲಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1985ರಲ್ಲಿ ಪ್ರಕಟಿಸಿದ ಕುರಿಗಳ ಪೋಷಣಾ ಮಾನದಂಡದಲ್ಲಿ ಬೆಳವಣಿಗೆಗೆ ಕಿಲೋ ಒಣ ಮೇವಿಗೆ 20 ಮಿಲಿಗ್ರಾಂ, ಸಂತಾನೋತ್ಪತ್ತಿಗೆ 33 ಮಿಲಿಗ್ರಾಂ ಎಂದು ಎರಡು ಬೇರೆ ಬೇರೆ ಸಂಖ್ಯೆಗಳು ಬಂದವು.

ನಮ್ಮ ನೆಲ, ನಮ್ಮ ಹಂಗಾಮು

ಆಸ್ಟ್ರೇಲಿಯಾದ ಸಂಖ್ಯೆಯನ್ನು ಹಾಗೆಯೇ ತಂದು ಬನ್ನೂರು, ಬಳ್ಳಾರಿ, ದಖ್ಖನಿ ಅಥವಾ ಕೆಂಗುರಿ ತಳಿಯ ಟಗರಿಗೆ ಅಂಟಿಸಲಾಗದು. ದೇಹದ ಗಾತ್ರ, ಮೇವು, ಬಿಸಿಲು ಎಲ್ಲ ಬೇರೆ. ಪ್ರಯೋಗದ ಶುದ್ಧ ಆಹಾರದಲ್ಲಿ ಸತು ಹೀರಿಕೆಯಾದ ಬಗೆಗೂ ಒರಟು ಹುಲ್ಲಿನಲ್ಲಿ ಆಗುವ ಬಗೆಗೂ ವ್ಯತ್ಯಾಸವಿದೆ. ಆದರೆ ಸತು ಸಾಗುವ ದಾರಿ ಒಂದೇ: ಮಣ್ಣಿನಿಂದ ಮೇವಿಗೆ, ಮೇವಿನಿಂದ ಟಗರಿಗೆ. ರಾಜ್ಯ ಸರ್ಕಾರ ಒಣಬೇಸಾಯ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ 2009ರಲ್ಲಿ ಆರಂಭಿಸಿದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ನಮ್ಮ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು ಮತ್ತು ಬೋರಾನ್ ಕೊರತೆ ವ್ಯಾಪಕವಾಗಿದೆ ಎಂದು ತೋರಿಸಿದವು. ಆ ಮಾಹಿತಿಯಿಂದ ಬೆಳೆಗೆ ಜಿಂಕ್ ಸಲ್ಫೇಟ್ ಹಾಕುವುದನ್ನು ರೈತರು ಕಲಿತರು. ಅದೇ ಹೊಲದ ಕೂಳೆ ಮೇಯುವ ಕುರಿಯ ಬಗ್ಗೆ ಅಷ್ಟು ಮಾತು ನಡೆಯಲಿಲ್ಲ.

ಈಗ ಹಂಗಾಮನ್ನು ನೋಡಿ. ಟಗರಿನ ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 49 ದಿನ ಬೇಕು. ನಂತರ ವೃಷಣಕ್ಕೆ ಅಂಟಿಕೊಂಡ ಸುರುಳಿ ನಾಳದಲ್ಲಿ ಸಾಗಿ ಪಕ್ವವಾಗಲು ಇನ್ನೂ ಎರಡು ವಾರ ಹಿಡಿಯುತ್ತದೆ. ಅಂದರೆ ಟಗರು ಇಂದು ಹಾರಿದಾಗ ಬಿಡುವ ವೀರ್ಯದ ತಯಾರಿ ಶುರುವಾದದ್ದು ಎರಡು ತಿಂಗಳ ಹಿಂದೆ. ಮುಂಗಾರಿನ ಹಸಿರು ಚಿಗುರುತ್ತಿದ್ದಂತೆ ಜೂನ್‌ನಲ್ಲಿ ಕುರಿಗಳು ಬೆದೆಗೆ ಬರುವ ಮಂದೆಯಲ್ಲಿ, ಆ ಜೂನ್‌ಗೆ ಬೇಕಾದ ವೀರ್ಯಾಣುಗಳು ರೂಪುಗೊಳ್ಳುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ವರ್ಷದಲ್ಲೇ ಅತಿ ಒಣಗಿದ ಕೂಳೆ, ಅತಿ ಸಪ್ಪೆಯಾದ ರಾಗಿ ಹುಲ್ಲು, ಜೋಳದ ಸಪ್ಪೆ ತಿನ್ನುವ ಕಾಲ ಅದು. ಹುಲ್ಲು ಬಲಿತು ಒಣಗಿದಷ್ಟೂ ಅದರಲ್ಲಿ ಸತು ಇಳಿಯುತ್ತದೆ. ಜೂನ್‌ನಲ್ಲಿ ಹಸಿರು ತಿಂದು ಟಗರಿನ ಮೈ ಹೊಳೆಯುತ್ತಿರುತ್ತದೆ; ಅದು ಬಿಡುವ ವೀರ್ಯದಲ್ಲಿ ಇರುವುದು ಏಪ್ರಿಲ್‌ನ ಬಡತನ. ಹಂಗಾಮು ಶುರುವಾದ ದಿನ ಖನಿಜ ಮಿಶ್ರಣದ ಪೊಟ್ಟಣ ತಂದರೆ ಆ ಹಂಗಾಮಿಗೆ ಪ್ರಯೋಜನವಿಲ್ಲದಿರುವುದು ಇದೇ ಕಾರಣಕ್ಕೆ.

ಒಂದು ಟಗರಿಗೆ ಸಾಮಾನ್ಯವಾಗಿ 25ರಿಂದ 40 ಕುರಿಗಳು. ಗಬ್ಬವಾಗದ ಕುರಿ ಸುಮಾರು 17 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಎರಡು ಬೆದೆ ವ್ಯರ್ಥವಾದರೆ ಒಂದು ತಿಂಗಳಿಗೂ ಹೆಚ್ಚು ಕಾಲ ಹೋದಂತೆ. ಮರಿಗಳು ತಡವಾಗಿ, ಚದುರಿ ಹುಟ್ಟುತ್ತವೆ.

ಕೊರತೆ ಎಷ್ಟು, ಕೊಡಬೇಕಾದದ್ದು ಎಷ್ಟು

ಅಂಡರ್‌ವುಡ್ ಅವರ ಎರಡು ಸಂಖ್ಯೆಗಳನ್ನೇ ಹಿಡಿದು ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಒಂದೂವರೆ ಕಿಲೋ ಒಣ ಮೇವು ತಿನ್ನುವ ಟಗರು. ಮೇವಿನಲ್ಲಿ ಕಿಲೋಗೆ 17.4 ಮಿಲಿಗ್ರಾಂ ಸತು ಇದ್ದರೆ ದಿನಕ್ಕೆ ಒಳಹೋಗುವುದು 26 ಮಿಲಿಗ್ರಾಂ. 32.4ರ ಮಟ್ಟಕ್ಕೆ ಏರಿಸಬೇಕಾದರೆ ಸುಮಾರು 49 ಮಿಲಿಗ್ರಾಂ ಬೇಕು. ಕೊರತೆ 22.5 ಮಿಲಿಗ್ರಾಂ. ಹರಳಿನ ರೂಪದ ಜಿಂಕ್ ಸಲ್ಫೇಟ್‌ನಲ್ಲಿ ಸತುವಿನ ಪಾಲು ನೂರಕ್ಕೆ ಸುಮಾರು 22 ಭಾಗ. ಅಂದರೆ ದಿನಕ್ಕೆ ಬೇಕಾದದ್ದು 100 ಮಿಲಿಗ್ರಾಂ ಹರಳು. 60 ದಿನಗಳಿಗೆ ಒಟ್ಟು 6 ಗ್ರಾಂ. ಒಂದು ಟಗರಿನ ಇಡೀ ಹಂಗಾಮಿನ ಪೂರೈಕೆ ಒಂದು ಚಹಾ ಚಮಚದೊಳಗೆ ಮುಗಿಯಿತು!

ಇಷ್ಟು ಅಗ್ಗವಾದದ್ದನ್ನು ತಪ್ಪಿಲ್ಲದೆ ಕೊಡುವುದೇ ಕಷ್ಟದ ಭಾಗ. ನೂರು ಮಿಲಿಗ್ರಾಂ ಹರಳನ್ನು ಬೊಗಸೆ ಬೂಸಾದಲ್ಲಿ ಕೈಯಿಂದ ಕಲಸಿದರೆ ಒಂದು ಟಗರಿಗೆ ಎಲ್ಲವೂ ಸಿಗುತ್ತದೆ, ಇನ್ನೊಂದಕ್ಕೆ ಏನೂ ಸಿಗುವುದಿಲ್ಲ. ಹತ್ತು ಟಗರುಗಳಿದ್ದರೆ ಒಂದು ಗ್ರಾಂ ಹರಳನ್ನು ಅರ್ಧ ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಆ ದಿನದ ಬೂಸಾ ಮತ್ತು ಹಿಂಡಿಯ ಮೇಲೆ ಚಿಮುಕಿಸಿ ಚೆನ್ನಾಗಿ ಕಲಸಬೇಕು. ಬೂಸಾ, ಹಿಂಡಿಗಳಲ್ಲಿ ಹುಲ್ಲಿಗಿಂತ ಹೆಚ್ಚು ಸತು ಇರುವುದರಿಂದ, ಅವುಗಳನ್ನು ನಿಯಮಿತವಾಗಿ ತಿನ್ನುವ ಟಗರಿಗೆ ಕೊರತೆ ಇಲ್ಲದೆಯೂ ಇರಬಹುದು. ಸಮಸ್ಯೆ ಬರುವುದು ಬರೀ ಮೇಯ್ದು, ರಾತ್ರಿ ಒಣ ಹುಲ್ಲು ಕಡಿಯುವ ಟಗರಿಗೆ.

ರೈತರ ಮನೆಯಲ್ಲಿ ಭತ್ತಕ್ಕೆ, ಜೋಳಕ್ಕೆ ಹಾಕಲು ತಂದ ಗೊಬ್ಬರದ ಜಿಂಕ್ ಸಲ್ಫೇಟ್ ಇರುತ್ತದೆ. ಅದನ್ನು ಟಗರಿಗೆ ತಿನ್ನಿಸಬಾರದು. ಅದರಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಬೆರೆತಿರಬಹುದು. ಪಶು ಆಹಾರಕ್ಕೆಂದೇ ತಯಾರಾದದ್ದನ್ನು ವೈದ್ಯರ ಮೂಲಕ ತರಿಸಿಕೊಳ್ಳಿ. ಗೊರಸು ಕೊಳೆತಕ್ಕೆ ಕಾಲು ಅದ್ದಿಸಲು ಕರಗಿಸಿಟ್ಟ ಸತುವಿನ ನೀರನ್ನು ಕುರಿಗಳು ಕುಡಿಯದಂತೆಯೂ ನೋಡಿಕೊಳ್ಳಬೇಕು. ಸತು ಅತಿಯಾದರೆ ತಾಮ್ರದ ಹೀರಿಕೆಗೆ ಅಡ್ಡ ಬರುತ್ತದೆ. ಕಿಲೋ ಮೇವಿಗೆ 300 ಮಿಲಿಗ್ರಾಂ ಮೀರಿದ ಸತು ಕುರಿಗೆ ಸುರಕ್ಷಿತವಲ್ಲ ಎಂಬುದು ಒಪ್ಪಿತ ಮಿತಿ.

ತಾಮ್ರದ ಅಪಾಯ

ಈ ಪ್ರಕರಣ ಓದಿ ಉತ್ಸಾಹಗೊಂಡು, ಹಸುವಿಗೆ ತಂದ ಖನಿಜ ಮಿಶ್ರಣವನ್ನೇ ಟಗರಿಗೂ ಧಾರಾಳವಾಗಿ ಹಾಕುವವರು ಇರುತ್ತಾರೆ. ಅವರನ್ನು ತಡೆಯದೆ ಮುಂದೆ ಹೋಗಲಾರೆ. ಹಸುವಿನ ಮಿಶ್ರಣದಲ್ಲಿ ತಾಮ್ರವಿರುತ್ತದೆ, ಮತ್ತು ಸಾಕುಪ್ರಾಣಿಗಳಲ್ಲಿ ಕುರಿಯಷ್ಟು ತಾಮ್ರಕ್ಕೆ ಬೇಗ ಬಲಿಯಾಗುವುದು ಬೇರೊಂದಿಲ್ಲ. ಸಂಶೋಧನಾ ಮಂಡಳಿ ಕುರಿಗೆ ನಿಗದಿ ಮಾಡಿದ ಗರಿಷ್ಠ ಮಿತಿ ಕಿಲೋ ಮೇವಿಗೆ 15 ಮಿಲಿಗ್ರಾಂ. ತಾಮ್ರದ ಹೀರಿಕೆಯನ್ನು ತಡೆಯುವ ಮಾಲಿಬ್ಡಿನಂ ಮತ್ತು ಗಂಧಕ ಮೇವಿನಲ್ಲಿ ಕಡಿಮೆಯಿದ್ದರೆ ಇನ್ನೂ ಕಡಿಮೆ ಪ್ರಮಾಣವೂ ಅಪಾಯ ತರಬಹುದು.

ತಾಮ್ರದ ವಿಷ ಏರುವ ರೀತಿ ಮೋಸದ್ದು. ವಾರಗಟ್ಟಲೆ, ತಿಂಗಳುಗಟ್ಟಲೆ ಅದು ಯಕೃತ್ತಿನಲ್ಲಿ ಸದ್ದಿಲ್ಲದೆ ಕೂಡುತ್ತದೆ. ಟಗರು ಚೆನ್ನಾಗಿಯೇ ಇರುತ್ತದೆ. ಒಂದು ದಿನ ಸಾಗಾಟದ ಆಯಾಸವೋ, ಮೇವಿನ ಬದಲಾವಣೆಯೋ, ಮಳೆ ಚಳಿಯೋ ನೆಪವಾಗಿ ಕೂಡಿಟ್ಟ ತಾಮ್ರ ಒಮ್ಮೆಲೇ ರಕ್ತಕ್ಕೆ ಸುರಿಯುತ್ತದೆ. ಕೆಂಪು ರಕ್ತಕಣಗಳು ಒಡೆಯುತ್ತವೆ. ಕಣ್ಣಿನ ರೆಪ್ಪೆಯ ಒಳಭಾಗ ಹಳದಿಯಾಗುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಒಂದೆರಡು ದಿನಗಳಲ್ಲಿ ಪ್ರಾಣ ಹೋಗುತ್ತದೆ. ಸತ್ತ ಟಗರನ್ನು ಕೊಯ್ದು ನೋಡಿದರೆ ಮೂತ್ರಪಿಂಡ ನೀಲಿಗಪ್ಪಾಗಿ ಹೊಳೆಯುತ್ತಿರುತ್ತದೆ. ತಾಮ್ರವಿರುವ ಬೋರ್ಡೋ ದ್ರಾವಣ ಸಿಂಪಡಿಸಿದ ದ್ರಾಕ್ಷಿ ಅಥವಾ ಅಡಿಕೆ ತೋಟದ ಕಳೆ ಮೇಯಿಸುವುದು, ಜಂತಿಗೆಂದು ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಕುಡಿಸುವ ಹಳೆಯ ರೂಢಿ, ಕೋಳಿ ಗೊಬ್ಬರವನ್ನು ಮೇವಿಗೆ ಬೆರೆಸುವುದು ಇವೂ ಅದೇ ಕೊನೆಗೆ ಒಯ್ಯಬಲ್ಲವು.

ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ವಿಜ್ಞಾನಿಗಳು ಉಸ್ಮಾನಾಬಾದಿ ತಳಿಯ ಹೋತಗಳಿಗೆ (ಗಂಡು ಮೇಕೆ) ಸಾವಯವ ರೂಪದ, ಅಂದರೆ ಸಾವಯವ ಅಣುವಿಗೆ ಬೆಸೆದ, ಸತು ಮತ್ತು ತಾಮ್ರ ಕೊಟ್ಟು ವೀರ್ಯದ ಗುಣಮಟ್ಟವನ್ನು ಅಧ್ಯಯನ ಮಾಡಿದ್ದಾರೆ. ನಮ್ಮದೇ ನೆಲದ ಬೆಲೆಬಾಳುವ ಕೆಲಸ ಅದು. ಆದರೆ ಮೇಕೆ ತಾಮ್ರವನ್ನು ಕುರಿಗಿಂತ ಹೆಚ್ಚು ತಾಳಿಕೊಳ್ಳುತ್ತದೆ. ಹೋತಕ್ಕೆ ಹೇಳಿದ ತಾಮ್ರದ ಅಳತೆಯನ್ನು ಟಗರಿಗೆ ತರಬಾರದು. ಕುರಿ ಮೇಕೆ ಒಟ್ಟಿಗೆ ಇರುವ ಹಟ್ಟಿಗಳಲ್ಲಿ ನೆಕ್ಕುವ ಖನಿಜ ಇಟ್ಟಿಗೆ ಕಟ್ಟುವಾಗ ಕುರಿಯ ಮಿತಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಸೆಲೆನಿಯಂ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ವೀರ್ಯಾಣುವಿನ ನಡುಭಾಗದ ಕವಚ ಸೆಲೆನಿಯಂ ಇರುವ ಪ್ರೋಟೀನಿನಿಂದ ಆದದ್ದು, ಕೊರತೆಯಾದರೆ ಬಾಲ ಮುರಿದ ವೀರ್ಯಾಣುಗಳು ಹೆಚ್ಚುತ್ತವೆ. ಆದರೆ ಬೇಕಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಪಂಜಾಬಿನ ಹೋಶಿಯಾರ್‌ಪುರ, ನವಾಂಶಹರ್ ಭಾಗಗಳ ಮಣ್ಣಿನಲ್ಲಿ ಸೆಲೆನಿಯಂ ಹೆಚ್ಚಾಗಿ ಜಾನುವಾರುಗಳ ಗೊರಸು ಕಳಚಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಅಂದಾಜಿನಲ್ಲಿ ಸೆಲೆನಿಯಂ ಚುಚ್ಚುಮದ್ದು ಕೊಡಿಸುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ಟಗರನ್ನು ಮುಟ್ಟಿ ನೋಡಿ

ಪರೀಕ್ಷೆ ಶುರುವಾಗುವುದು ಕೈಯಿಂದ. ಒಬ್ಬರು ಟಗರನ್ನು ಹಿಡಿದು ನಿಲ್ಲಿಸಲಿ. ಇನ್ನೊಬ್ಬರು ಹಿಂದೆ ಕುಳಿತು ವೃಷಣ ಚೀಲದ ಕುತ್ತಿಗೆಯನ್ನು ಮೆಲ್ಲಗೆ ಹಿಡಿದು ಎರಡೂ ವೃಷಣಗಳನ್ನು ಕೆಳಕ್ಕೆ ಇಳಿಸಬೇಕು. ಆರೋಗ್ಯವಾದ ವೃಷಣ ಹೆಬ್ಬೆರಳಿನಿಂದ ಒತ್ತಿದರೆ ಬಿಗಿಯಾಗಿ ಎದುರು ಪುಟಿಯುತ್ತದೆ. ಮೆತ್ತಗೆ ಹಿಟ್ಟಿನಂತೆ ಒತ್ತಿಕೊಂಡರೆ ಅಥವಾ ಒಂದು ಕಡೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ತೊಂದರೆಯಿದೆ. ಎರಡರ ಗಾತ್ರ ಹೆಚ್ಚುಕಡಿಮೆ ಸಮ ಇರಬೇಕು. ತಳದಲ್ಲಿ ಸುರುಳಿ ನಾಳದ ಬಾಲ ಸಣ್ಣ ಉಬ್ಬಾಗಿ ಬೆರಳಿಗೆ ಸಿಗುತ್ತದೆ. ವೀರ್ಯಾಣುಗಳ ಕಣಜ ಅದು; ತುಂಬಿದ್ದರೆ ದುಂಡಗೆ ಬಿಗಿಯಾಗಿರುತ್ತದೆ, ಬರಿದಾಗಿದ್ದರೆ ಸಡಿಲವಾಗಿ ಜಾರುತ್ತದೆ. ನಂತರ ದರ್ಜಿಯ ಟೇಪನ್ನು ಚೀಲದ ಅತಿ ಅಗಲದ ಭಾಗಕ್ಕೆ ಸುತ್ತಿ ಅಳೆದು ಬರೆದಿಡಬೇಕು. ವಿದೇಶಿ ತಳಿಗಳ ಕೋಷ್ಟಕ ನಮ್ಮ ಟಗರುಗಳಿಗೆ ಹೊಂದುವುದಿಲ್ಲ. ಒಂದೇ ತಳಿಯ, ಒಂದೇ ವಯಸ್ಸಿನ ಟಗರುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದೇ ಸರಿಯಾದ ದಾರಿ.

ಅನುಮಾನ ಬಂದರೆ ವೈದ್ಯರಿಂದ ವೀರ್ಯ ಪರೀಕ್ಷೆ. ಟಗರಿನ ವೀರ್ಯ ಒಂದು ಮಿಲಿಲೀಟರ್ ಆಸುಪಾಸು ಮಾತ್ರ, ಆದರೆ ಕೆನೆಯಂತೆ ದಪ್ಪ. ಒಂದು ಮಿಲಿಲೀಟರ್‌ನಲ್ಲಿ 200ರಿಂದ 500 ಕೋಟಿ ವೀರ್ಯಾಣುಗಳು ಇರಬಲ್ಲವು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟ ಹನಿಯಲ್ಲಿ ಅವು ಅಲೆ ಅಲೆಯಾಗಿ ಸುತ್ತುವುದು ಅನುಭವವಿಲ್ಲದವರಿಗೂ ಗೊತ್ತಾಗುತ್ತದೆ. ನೀರು ಬೆರೆತ ಹಾಲಿನಂತೆ ತೆಳ್ಳಗಿದ್ದು, ಅಲೆ ಕಾಣದಿದ್ದರೆ ಕಾರಣ ಹುಡುಕಬೇಕು.

ರಕ್ತದಲ್ಲಿ ಸತು ಅಳೆಸುವುದಾದರೆ ರಬ್ಬರ್ ಮುಚ್ಚಳದ ಸಾಮಾನ್ಯ ನಳಿಕೆಯಲ್ಲಿ ರಕ್ತ ತೆಗೆಯಬಾರದು. ರಬ್ಬರಿನಿಂದಲೇ ಸತು ಸೋರಿ ಕೊರತೆಯ ಟಗರನ್ನೂ ಆರೋಗ್ಯವಂತ ಎಂದು ತೋರಿಸುತ್ತದೆ. ಜ್ವರ, ಸೋಂಕು, ಆಯಾಸ ಇದ್ದಾಗ ರಕ್ತದ ಸತು ತಾನಾಗಿಯೇ ಇಳಿಯುವುದರಿಂದ ಅಂಥ ದಿನದ ಪರೀಕ್ಷೆಯನ್ನೂ ನಂಬಲಾಗದು. ಒಂದು ಟಗರಿನ ವರದಿಗಿಂತ ಮಂದೆಯ ಹಲವು ಪ್ರಾಣಿಗಳ ರಕ್ತ ಮತ್ತು ಅವು ತಿನ್ನುವ ಹುಲ್ಲಿನ ಮಾದರಿ ಎರಡನ್ನೂ ಒಟ್ಟಿಗೆ ಕಳಿಸುವುದು ಲೇಸು.

ಎಲ್ಲವನ್ನೂ ಸತುವಿನ ತಲೆಗೆ ಕಟ್ಟುವಂತೆಯೂ ಇಲ್ಲ. ವೃಷಣದ ಉಷ್ಣತೆ ದೇಹಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ ಇರಬೇಕು. ಏಪ್ರಿಲ್ ಬಿಸಿಲಿನಲ್ಲಿ ನೆರಳಿಲ್ಲದೆ ನಿಂತ ಟಗರಿನಲ್ಲಿ ಸತು ಎಷ್ಟೇ ಇದ್ದರೂ ವೀರ್ಯ ಕೆಡುತ್ತದೆ. ಕಾಳಗದ ಗುದ್ದು, ಜ್ವರ, ಬ್ರುಸೆಲ್ಲಾ ಸೋಂಕು, ಗೊರಸಿನ ನೋವು, ತೀರ ಎಳೆಯ ವಯಸ್ಸು ಇವೆಲ್ಲ ಸಾಮಾನ್ಯ ಕಾರಣಗಳು. ಮೇವಿನಲ್ಲಿ ಸತು ಸಾಕಷ್ಟಿರುವ ಟಗರಿಗೆ ಇನ್ನಷ್ಟು ಕೊಟ್ಟರೆ ವೀರ್ಯ ಇನ್ನಷ್ಟು ಸುಧಾರಿಸುತ್ತದೆ ಎಂಬುದಕ್ಕೆ 1969ರ ಪ್ರಯೋಗ ಆಧಾರವಲ್ಲ. ಅದು ಹೇಳಿದ್ದು ಕೊರತೆಯ ಬಗ್ಗೆ. ಬೆಲೆಯೇರಿದ ಸಾವಯವ ಖನಿಜಗಳ ಪೊಟ್ಟಣಕ್ಕೆ ಹಣ ಸುರಿಯುವ ಮೊದಲು ಕೊರತೆ ಇದೆಯೇ ಎಂದು ನೋಡಿಕೊಳ್ಳಿ.

ಹಾಗಾಗಿ ಕುರಿಗಳು ಮತ್ತೆ ಬೆದೆಗೆ ಬಂದ ಮಂದೆಯಲ್ಲಿ ನಾನು ಹೇಳುವ ಕ್ರಮ ಇದು. ಮೊದಲು ಟಗರಿನ ವೃಷಣ ಮತ್ತು ವೀರ್ಯ ಪರೀಕ್ಷೆಯಾಗಲಿ. ಅದರಲ್ಲಿ ತೊಂದರೆ ಕಂಡರೆ ಆ ಹಂಗಾಮಿಗೆ ಬೇರೆ ಮಂದೆಯಿಂದ ಪರೀಕ್ಷಿಸಿದ ಟಗರನ್ನು ತಂದು ಬಿಡಿ. ಮನೆಯ ಟಗರನ್ನು ನೆರಳಿನಲ್ಲಿ ಕಟ್ಟಿ, ಬೂಸಾ ಹಿಂಡಿಯ ಜೊತೆ ತಾಮ್ರವಿಲ್ಲದ, ಸತು ಇರುವ, ಕುರಿಗೆಂದೇ ಮಾಡಿದ ಮಿಶ್ರಣವನ್ನು ಎರಡು ತಿಂಗಳು ಕೊಟ್ಟು ಮತ್ತೆ ಪರೀಕ್ಷಿಸಿ. ಎರಡು ತಿಂಗಳಿಗೆ ಮೊದಲು ಮಾಡಿದ ಮರುಪರೀಕ್ಷೆ ಹಳೆಯ ವೀರ್ಯವನ್ನೇ ತೋರಿಸುತ್ತದೆ. ಬಂದ ಟಗರಿನಿಂದ ಗಬ್ಬವಾದ ಕುರಿಗಳು ಗೊಡ್ಡಲ್ಲ ಎಂದು ಅಲ್ಲಿಗೇ ತಿಳಿಯುತ್ತದೆ. ಅದರ ಕೂಡಿಕೆಯ ನಂತರವೂ ಎರಡು ಬಾರಿ ಮತ್ತೆ ಬೆದೆಗೆ ಬಂದ ಕುರಿಯನ್ನು ಮಾತ್ರ ಬೇರೆ ಮಾಡಿ ವೈದ್ಯರಿಗೆ ತೋರಿಸಿ, ಮಾರುವ ಮಾತು ಆಮೇಲೆ.